ಅರ್ಧ ಗಂಟೆಯ ಬಿಡುವು ಮತ್ತು ಲಘು-ಗುರುವಿನ ಲೆಕ್ಕ

ದೂಧಗಂಗೆಯ ದಂಡೆಯ ದತ್ತವಾಡದಂತಹ ಊರಿನಲ್ಲಿ ಕನ್ನಡವನ್ನು ಐಚ್ಛಿಕವಾಗಿ ಓದುವ ವಿದ್ಯಾರ್ಥಿಗೆ ದಿನದಲ್ಲಿ ಉಳಿಯುವ ವೇಳೆ ಸ್ವಲ್ಪವೇ. ಕಬ್ಬಿನ ಹೊಲದ ಕೆಲಸ, ಇಚಲಕರಂಜಿಯ ಮಗ್ಗದ ಪಾಳಿ, ಎಸ್.ಟಿ. ಬಸ್ಸಿನ ದಾರಿ ಕಾಯುವಿಕೆ ಇವೆಲ್ಲ ಮುಗಿದ ಮೇಲೆ ಅರ್ಧ ಗಂಟೆ ಸಿಕ್ಕರೆ ಅದೇ ಹೆಚ್ಚು. ಇಷ್ಟು ಬಿಡುವಿನಲ್ಲಿ ಗಣಕಯಂತ್ರಕ್ಕೆ ಕ್ರಮವಿಧಿ ಬರೆಯಲು, ಅಂದರೆ ಪ್ರೋಗ್ರಾಂ ರಚಿಸಲು, ತಾನೇ ಕಲಿಯಬಹುದೆ? ಅದು ವಿಜ್ಞಾನ ಶಾಖೆಯವರ ಸೊತ್ತಲ್ಲವೆ? ಈ ಎರಡು ಸಂದೇಹಗಳನ್ನೂ ಪರಿಶೀಲಿಸಬೇಕು.

ಕ್ರಮವಿಧಿಯೆಂದರೆ ಒಂದಾದ ಮೇಲೊಂದರಂತೆ ಪಾಲಿಸಬೇಕಾದ ಸೂಚನೆಗಳ ಸರಣಿ. ಮಗ್ಗದ ನಾಡಿನವರಿಗೆ ಈ ಕಲ್ಪನೆ ಹೊಸದಲ್ಲ. 19ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಜಕಾರ್ಡ್ ರೂಪಿಸಿದ ಮಗ್ಗದಲ್ಲಿ, ಯಾವ ಎಳೆ ಮೇಲೇಳಬೇಕೆಂಬುದನ್ನು ತೂತು ಕೊರೆದ ರಟ್ಟಿನ ಹಾಳೆಗಳೇ ನಿರ್ಧರಿಸುತ್ತಿದ್ದವು. ಚಾರ್ಲ್ಸ್ ಬ್ಯಾಬೇಜ್ ತನ್ನ ಗಣಕಯಂತ್ರದ ಯೋಜನೆಗೆ ಈ ಹಾಳೆಗಳನ್ನೇ ಆರಿಸಿಕೊಂಡನು. 1843ರಲ್ಲಿ ಆ ಯಂತ್ರವನ್ನು ಕುರಿತು ಟಿಪ್ಪಣಿ ಬರೆದ ಏಡಾ ಲವ್‌ಲೇಸ್, ಅದರ ಕೆಲಸವನ್ನು ನೇಯ್ಗೆಗೆ ಹೋಲಿಸಿದಳು.

ಬಿಡುವಿನ ವೇಳೆಯ ದುಡಿಮೆಯನ್ನು ಹಗುರವಾಗಿ ಕಾಣಲಾಗದು. ಇಂದು ಹೊಸಬರು ಹೆಚ್ಚಾಗಿ ಕಲಿಯುವ ಪೈಥಾನ್ ಭಾಷೆಯನ್ನು ಗೀಡೊ ವಾನ್ ರೋಸಮ್ ಆರಂಭಿಸಿದ್ದು 1989ರ ಕ್ರಿಸ್‌ಮಸ್ ರಜೆಯ ಹವ್ಯಾಸವಾಗಿ. ಕನ್ನಡಿಗರಿಗೆ ಇನ್ನೂ ಹತ್ತಿರದ ನಿದರ್ಶನ ‘ಬರಹ’ ತಂತ್ರಾಂಶ. ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ವಿರಾಮದ ವೇಳೆಯಲ್ಲಿ ಅದನ್ನು ರೂಪಿಸಿ 1998ರಲ್ಲಿ ಉಚಿತವಾಗಿ ಹಂಚಿದರು. ಗಣಕದಲ್ಲಿ ಎಷ್ಟೋ ಜನ ಮೊದಲ ಕನ್ನಡ ಸಾಲನ್ನು ಮೂಡಿಸಿದ್ದು ಅದರಿಂದಲೇ.

ಅಂತಹ ಪರಿಣತರ ಮಟ್ಟಕ್ಕೆ ಒಮ್ಮೆಲೇ ಏರಬೇಕಾಗಿಲ್ಲ. ಕನ್ನಡ ವಿದ್ಯಾರ್ಥಿ ತನಗೆ ಗೊತ್ತಿರುವುದರಿಂದಲೇ ಆರಂಭಿಸಬಹುದು. ‘ಕನ್ನಡ’ ಎಂಬ ಪದದಲ್ಲಿ ಅಕ್ಷರಗಳೆಷ್ಟು? ಓದುಗನಿಗೆ ಮೂರು. ಪೈಥಾನನ್ನು ಕೇಳಿದರೆ ಐದು ಎನ್ನುತ್ತದೆ. ಯೂನಿಕೋಡ್ ಪದ್ಧತಿಯಲ್ಲಿ ಈ ಪದ ಕ, ನ, ವಿರಾಮಚಿಹ್ನೆಯಾದ ‘್’, ನ, ಡ ಎಂಬ ಐದು ಸಂಕೇತಗಳಾಗಿ ಉಳಿದಿರುತ್ತದೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿಯೂ ಇದಕ್ಕೆ ಐದೇ ಕೀಲಿಗಳು. ಕಣ್ಣಿಗೆ ಕಾಣುವ ಅಕ್ಷರಕ್ಕೂ ಯಂತ್ರ ಎಣಿಸುವ ಸಂಕೇತಕ್ಕೂ ಇರುವ ಈ ಅಂತರವೇ ಮೊದಲ ಪಾಠ.

ಎರಡನೆಯ ಪಾಠ ಛಂದಸ್ಸು. ಒಂದು ಸಾಲಿನ ಮಾತ್ರೆಗಳನ್ನು ಎಣಿಸುವ ಕ್ರಮವಿಧಿಯನ್ನು ಬರೆಯಬೇಕೆಂದುಕೊಳ್ಳೋಣ. ಮೊದಲು ಸಂಕೇತಗಳನ್ನು ಕೂಡಿಸಿ ಅಕ್ಷರಗಳನ್ನಾಗಿ ಮಾಡಬೇಕು. ಬಳಿಕ ತರಗತಿಯ ಸೂತ್ರಗಳನ್ನೇ ಪ್ರಶ್ನೆಗಳಾಗಿ ಜೋಡಿಸಬೇಕು: ಸ್ವರ ದೀರ್ಘವೆ? ಐ ಅಥವಾ ಔ ಇದೆಯೆ? ಅನುಸ್ವಾರ ಅಥವಾ ವಿಸರ್ಗ ಇದೆಯೆ? ಮುಂದೆ ಒತ್ತಕ್ಷರ ಬಂದಿದೆಯೆ? ವ್ಯಂಜನದಿಂದ ಕೊನೆಗೊಂಡಿದೆಯೆ? ಒಂದಕ್ಕಾದರೂ ಹೌದೆಂಬ ಉತ್ತರ ಬಂದರೆ ಗುರು, ಎರಡು ಮಾತ್ರೆ. ಇಲ್ಲದಿದ್ದರೆ ಲಘು, ಒಂದು ಮಾತ್ರೆ. ‘ಕನ್ನಡ’ಕ್ಕೆ ನಾಲ್ಕು ಮಾತ್ರೆ ಬಂದರೆ ಕೆಲಸ ಸರಿದಾರಿಯಲ್ಲಿದೆ. ಮುಂದೆ ಭಾಮಿನಿ ಷಟ್ಪದಿಯನ್ನು ಕೊಟ್ಟು ನೋಡಬೇಕು: ಮೊದಲ ಸಾಲಿಗೆ 14, ಮೂರನೆಯದಕ್ಕೆ 23 ಮಾತ್ರೆ ಬರಬೇಕು. ಸಾಲಿನ ಕೊನೆಯ ಲಘುವನ್ನು ಗುರುವೆಂದು ಎಣಿಸುವ ಸಂದರ್ಭವನ್ನು ಕ್ರಮವಿಧಿಗೆ ಹೇಳಿಕೊಟ್ಟಿರದಿದ್ದರೆ ಲೆಕ್ಕ ತಪ್ಪುತ್ತದೆ. ಯಂತ್ರವು ಹೇಳಿದ್ದನ್ನಷ್ಟೇ ಮಾಡುತ್ತದೆ. ಆದ್ದರಿಂದ ವಿದ್ಯಾರ್ಥಿ ಅರೆಬರೆಯಾಗಿ ತಿಳಿದ ಸೂತ್ರ ಇಲ್ಲಿ ಬಯಲಾಗುತ್ತದೆ.

ಹಳಗನ್ನಡಕ್ಕೆ ಹೋದರೆ ಶಿಥಿಲದ್ವಿತ್ವ ಎದುರಾಗುತ್ತದೆ. ಅಲ್ಲಿ ಒತ್ತಕ್ಷರವಿದ್ದರೂ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯಬಹುದು. ಎಲ್ಲಿ ಹೀಗೆ, ಎಲ್ಲಿ ಹಾಗೆ ಎಂಬುದನ್ನು ಹೇಳಿಕೊಡಬಲ್ಲವನು ಛಂದಸ್ಸನ್ನು ಓದಿದವನೇ. ವಿಜ್ಞಾನ ಶಾಖೆಯವರ ಸೊತ್ತೆಂಬ ಸಂದೇಹಕ್ಕೆ ಉತ್ತರ ಇಲ್ಲಿದೆ.

ಇನ್ನು ವೇಳೆಯ ಮಾತು. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆಯಂತೆ 40 ವಾರ ಕುಳಿತರೆ 100 ಗಂಟೆಗಳಾಗುತ್ತವೆ. ಆದರೆ ಆ ಅರ್ಧ ಗಂಟೆಯೂ ‘ನಿನ್ನೆ ಎಲ್ಲಿ ಬಿಟ್ಟಿದ್ದೆ’ ಎಂದು ಹುಡುಕುವುದರಲ್ಲೇ ಕಳೆದುಹೋಗುವ ಭಯವುಂಟು. ಅದಕ್ಕೆ ಮದ್ದು ಒಂದು ವಹಿ. ಏಳುವ ಮುನ್ನ ಆದದ್ದೇನು, ತಪ್ಪಿದ್ದೆಲ್ಲಿ, ನಾಳೆಯ ಮೊದಲ ಹೆಜ್ಜೆ ಯಾವುದು ಎಂದು ಮೂರು ಸಾಲು ಬರೆದಿಡಬೇಕು. ಗಣಕ ಇಲ್ಲದ ದಿನ ಬಸ್ಸಿನಲ್ಲಿ ಕುಳಿತು ಕಾಗದದ ಮೇಲೆಯೇ ಕ್ರಮವಿಧಿಯನ್ನು ಬರೆದು, ತಾನೇ ಯಂತ್ರವಾಗಿ ಒಂದೊಂದು ಸಾಲನ್ನೂ ನಡೆಸಿ ನೋಡಬಹುದು. ಪೈಥಾನ್ ಮೊಬೈಲಿನಲ್ಲಿಯೂ ನಡೆಯುತ್ತದೆ, ಹಣವನ್ನೂ ಕೇಳುವುದಿಲ್ಲ. ಪಾಠದ ವಿಡಿಯೋಗಳನ್ನು ಒಂದರ ಹಿಂದೊಂದು ನೋಡುವುದು ಮಾತ್ರ ಕಲಿಕೆಯಾಗದು; ಈಜು ನೋಡಿದವನು ಹೊಳೆ ದಾಟಲಾರ.

ಗಡಿಯ ಊರುಗಳ ಕನ್ನಡ ವಿದ್ಯಾರ್ಥಿಗೆ ಇದರಿಂದ ನೌಕರಿ ಸಿಕ್ಕೇ ಸಿಗುವುದೆಂದು ಹೇಳಲಾಗದು. ಆದರೆ ಕನ್ನಡದ ಕಾಗುಣಿತ, ಸಂಧಿ, ಛಂದಸ್ಸನ್ನು ಯಂತ್ರಕ್ಕೆ ಯಾರಾದರೂ ತಿಳಿಸಲೇಬೇಕು. ಭಾಷೆ ಬಲ್ಲವರು ಆ ಕೆಲಸಕ್ಕೆ ಕೂಡದಿದ್ದರೆ ಬಲ್ಲದವರು ಮಾಡುತ್ತಾರೆ; ತಪ್ಪು ಕನ್ನಡವೇ ಎಲ್ಲರ ಪರದೆಯ ಮೇಲೆ ನಿಲ್ಲುತ್ತದೆ. ವಹಿಯ ಮೊದಲ ಪುಟದಲ್ಲಿ ‘ಕನ್ನಡ: ಅಕ್ಷರ ಮೂರು, ಸಂಕೇತ ಐದು, ಮಾತ್ರೆ ನಾಲ್ಕು’ ಎಂದು ಬರೆದುಕೊಂಡು ಈ ಸಂಜೆಯೇ ಆರಂಭಿಸಬಹುದು.