ಗಾಳಿ ಎಲ್ಲಿ ನಿಂತಿದೆ ನೋಡಿ

ಬಲಮಗ್ಗುಲಾಗಿ ಮಲಗಿಸಿ ತೆಗೆದ ನಾಯಿಯ ಹೊಟ್ಟೆಯ ಎಕ್ಸ್-ರೇ. ಜಠರ ಇರುವ ಕಡೆ ಗುಂಡಗೆ ಏನೋ ಕಾಣುತ್ತದೆ. ಹೊಸದಾಗಿ ಕಲಿಯುವವರು ‘ಚೆಂಡು ನುಂಗಿದೆ’ ಎನ್ನುತ್ತಾರೆ. ನಾಯಿಯನ್ನು ಎಡಮಗ್ಗುಲಿಗೆ ಹೊರಳಿಸಿ ಇನ್ನೊಂದು ಚಿತ್ರ ತೆಗೆದರೆ ಚೆಂಡು ಮಾಯ! ಅಲ್ಲಿ ನಿಂತಿದ್ದದ್ದು ಬರೀ ನೀರು. ಜಠರದ ಹೊರಬಾಗಿಲು ಬಲಕ್ಕಿರುವುದರಿಂದ ಬಲಮಗ್ಗುಲಾದಾಗ ದ್ರವ ಅಲ್ಲಿಗೆ ಇಳಿಯುತ್ತದೆ, ಗಾಳಿ ಮೇಲೇರುತ್ತದೆ. ಎಡಮಗ್ಗುಲಾದರೆ ಗಾಳಿಯೇ ಬಾಗಿಲಿಗೆ ಬರುತ್ತದೆ. ನಿಜವಾಗಿ ಏನಾದರೂ ಸಿಕ್ಕಿಕೊಂಡಿದ್ದರೆ ಆ ಗಾಳಿಯ ಕಪ್ಪಿನ ನಡುವೆ ಅದರ ಅಂಚು ಎದ್ದು ಕಾಣುತ್ತದೆ.

ಅಮೆರಿಕದ ಜಾರ್ಜಿಯಾ ಮತ್ತು ಕೆರೊಲಿನಾಗಳಲ್ಲಿ ಹಾಗೆ ಸಿಕ್ಕಿಕೊಳ್ಳುವ ವಸ್ತುಗಳಲ್ಲಿ ಪೀಚ್ ಹಣ್ಣಿನ ಓಟೆಯೂ ಒಂದು. ಅದು ಪೀಚ್ ಬೆಳೆಯುವ ಸೀಮೆ. ನಮ್ಮ ಮಾವಿನ ಓಟೆಗಿಂತ ಚಿಕ್ಕದಾದರೂ ನಾಯಿಯ ಸಣ್ಣ ಕರುಳನ್ನು ಮುಚ್ಚಲು ಸಾಕು.

ಎಕ್ಸ್-ರೇ ಓದುವುದನ್ನು ಕಲಿಸುವ ದೊಡ್ಡ ನೆಲೆಗಳಲ್ಲಿ ಒಂದು ಉತ್ತರ ಕೆರೊಲಿನಾದ ರಾಲೀ ಊರಿನಲ್ಲಿದೆ. ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯ ಕಾಲೇಜಿಗೆ ಮೊದಲ ತಂಡ ಸೇರಿದ್ದು 1981ರಲ್ಲಿ. ಅಲ್ಲಿ ಬಹುಕಾಲ ಪಾಠ ಹೇಳಿದ ಡೊನಾಲ್ಡ್ ಥ್ರಾಲ್ ಸಂಪಾದಿಸಿದ ಪಶು ರೇಡಿಯಾಲಜಿಯ ಪಠ್ಯಪುಸ್ತಕ ಹಲವು ಆವೃತ್ತಿಗಳನ್ನು ಕಂಡಿದೆ. ನನಗೆ ಅದಕ್ಕಿಂತ ಮೆಚ್ಚುಗೆಯಾದದ್ದು ಅವರು ಇಯಾನ್ ರಾಬರ್ಟ್‌ಸನ್ ಜೊತೆ ತಂದ ಇನ್ನೊಂದು ಪುಸ್ತಕ. ಅದರ ವಿಷಯ ರೋಗವಲ್ಲ, ಆರೋಗ್ಯವಂತ ನಾಯಿ ಬೆಕ್ಕುಗಳ ಎಕ್ಸ್-ರೇ. ಸರಿಯಾಗಿರುವುದು ಎಷ್ಟು ಬಗೆಯಲ್ಲಿ ಸರಿಯಾಗಿರಬಹುದು ಎಂದು ಕಣ್ಣಿಗೆ ರೂಢಿಯಾಗದೆ ಕೆಟ್ಟದ್ದನ್ನು ಗುರುತಿಸಲು ಬಾರದು.

ಎಕ್ಸ್-ರೇಯಲ್ಲಿ ಇರುವುದು ಐದೇ ಛಾಯೆ. ಗಾಳಿ ಕಪ್ಪು, ಕೊಬ್ಬು ತುಸು ತಿಳಿ, ಮಾಂಸವೂ ನೀರೂ ಒಂದೇ ಬೂದು, ಮೂಳೆ ಬಿಳಿ, ಲೋಹ ಅಚ್ಚ ಬಿಳಿ. ಕಿಡ್ನಿ, ಗುಲ್ಮ, ಮೂತ್ರಕೋಶ ಬೇರೆಬೇರೆಯಾಗಿ ಕಾಣುವುದು ನಡುವಿನ ಕೊಬ್ಬಿನ ಕೃಪೆಯಿಂದ. ಎಳೆಯ ಮರಿಗಳಲ್ಲಿ ಆ ಕೊಬ್ಬು ಕಡಿಮೆ. ಹೊಟ್ಟೆಯೆಲ್ಲ ಮಂಜು ಕವಿದಂತಿರುತ್ತದೆ. ಅದನ್ನು ಕಂಡು ಹೊಟ್ಟೆಯಲ್ಲಿ ನೀರು ತುಂಬಿದೆ ಎಂದುಕೊಳ್ಳುವುದುಂಟು. ಇನ್ನು ಅಳತೆಯ ಮಾತು. ಅಂಗೈಯಗಲದ ಚಿವಾವಾಗೂ ಕರುವಿನಷ್ಟಿರುವ ಗ್ರೇಟ್ ಡೇನ್‌ಗೂ ಒಂದೇ ಅಳತೆಗೋಲು ಹೇಗೆ? ಆ ನಾಯಿಯ ಮೈಯಲ್ಲೇ ಅಳತೆಗೋಲಿದೆ. ಸೊಂಟದ ಎರಡನೇ ಕಶೇರುಮಣಿಯ ಉದ್ದದ ಎರಡೂವರೆಯಿಂದ ಮೂರೂವರೆ ಪಟ್ಟು ಇದ್ದರೆ ಕಿಡ್ನಿಯ ಉದ್ದ ಸರಿಯಾಗಿದೆ ಎಂದು ಲೆಕ್ಕ.

ಜಠರದಲ್ಲಿ ಅಚ್ಚ ಬಿಳಿಯ ಪುಟ್ಟ ಬಿಲ್ಲೆ ಕಂಡರೆ ಅದು ನಾಣ್ಯವಿರಬಹುದು. ಅಮೆರಿಕದ ಒಂದು ಸೆಂಟ್ ನಾಣ್ಯ 1982ರಿಂದೀಚೆಗೆ ತಾಮ್ರದ ಲೇಪವಿರುವ ಸತು. ಜಠರದ ಆಮ್ಲಕ್ಕೆ ಸತು ಕರಗಿ ರಕ್ತ ಸೇರಿ ಕೆಂಪು ಕಣಗಳನ್ನು ಒಡೆಯುತ್ತದೆ. ಬಿಳಿಚಿದ ಒಸಡು, ಕೆಂಪು ಮೂತ್ರ ಇಟ್ಟುಕೊಂಡು ಬಂದ ನಾಯಿಯ ಹೊಟ್ಟೆಯ ಚಿತ್ರ ತೆಗೆಯುವುದು ಇದಕ್ಕೇ.

ಎಕ್ಸ್-ರೇ ನಿಲ್ಲುವಲ್ಲಿ ಅಲ್ಟ್ರಾಸೌಂಡ್ ಕೈಹಿಡಿಯುತ್ತದೆ. ವಾಷಿಂಗ್ಟನ್ ಮೃಗಾಲಯದಲ್ಲಿದ್ದ ಪಾಂಡಾ ಮೇ ಶಿಯಾಂಗ್ ಹೊಟ್ಟೆಯಲ್ಲಿ ಮರಿಯ ಸುಳಿವು ಸ್ಕ್ಯಾನಿಂಗ್‌ನಲ್ಲಿ ಸಿಕ್ಕಿದ್ದು 2020ರ ಆಗಸ್ಟ್ 14ರಂದು. ಅದು ಮರಿ ಹಾಕಿದ್ದು 21ರಂದು.

ನಮ್ಮ ಕಡೆಗೆ ಬಂದರೆ, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜು 1958ರದು, ರಾಲೀಯದಕ್ಕಿಂತ ಹಳೆಯದು. ನಮ್ಮಲ್ಲಿ ಹೊಟ್ಟೆಯ ಎಕ್ಸ್-ರೇ ಎಂದರೆ ನಾಯಿಯ ಜೊತೆಗೆ ಹಸು ಎಮ್ಮೆಗಳೂ ನೆನಪಾಗಬೇಕು. ಹಸುವಿನ ಹೊಟ್ಟೆಯನ್ನು ಇಡಿಯಾಗಿ ಎಕ್ಸ್-ರೇಗೆ ಹಿಡಿಯುವುದು ಕಷ್ಟ, ಅಷ್ಟು ದಪ್ಪ. ಆದರೆ ಮುಂಗಾಲ ಹಿಂದೆ, ಎದೆಮೂಳೆಯ ಮೇಲೆ ಜಠರದ ಜೇನುಗೂಡಿನಂಥ ಎರಡನೇ ಕೋಣೆಯಿದೆ. ಮೇವಿನ ಜೊತೆ ಹೋದ ಮೊಳೆ, ತಂತಿ ನಿಲ್ಲುವುದು ಅಲ್ಲೇ. ಅದಕ್ಕೂ ಹೃದಯಕ್ಕೂ ನಡುವೆ ಇರುವುದು ತೆಳುವಾದ ವಪೆ. ಮೇವು ಬಿಟ್ಟು ಬೆನ್ನು ಬಾಗಿಸಿ ನಿಂತ ಹಸುವಿನ ಚಿತ್ರ ಕೈಗೆ ಬಂದರೆ ತಂತಿ ಇದೆಯೋ ಇಲ್ಲವೋ ಎಂದು ನೋಡಿ ಕೈಬಿಡುವಂತಿಲ್ಲ. ಅದು ತಳದಲ್ಲಿ ಅಡ್ಡ ಬಿದ್ದಿದೆಯೋ, ಗೋಡೆ ದಾಟಿದೆಯೋ, ದಾಟಿದ್ದರೆ ಮೊನೆ ಯಾವ ಕಡೆಗಿದೆ ಎಂದು ನೋಡಬೇಕು.