ಪೆಡಲ್ ಕೆಟ್ಟಿರಲಿಲ್ಲ!

ಕಿರವತ್ತಿಯಲ್ಲಿ ಗಣೇಶೋತ್ಸವದ ಭಜನೆಗೆ ಇನ್ನೆರಡೇ ಗಂಟೆ. ನನ್ನ ಕೀಬೋರ್ಡಿನ ಸಸ್ಟೇನ್ ಪೆಡಲ್ ಉಲ್ಟಾ ಹೊಡೆದಿತ್ತು. ಕಾಲು ತೆಗೆದರೆ ಸ್ವರ ಎಳೆಯುತ್ತಿತ್ತು, ಒತ್ತಿದರೆ ನಿಲ್ಲುತ್ತಿತ್ತು. ಹೊಸದಕ್ಕೆ ಹುಬ್ಬಳ್ಳಿಗೇ ಹೋಗಬೇಕು. ಕೆಲಸ ಹುಡುಕುತ್ತಿರುವವನ ಜೇಬಿನಲ್ಲಿ ಬಸ್ ಚಾರ್ಜಿಗಷ್ಟೇ ಕಾಸು.

ಆರ್ಕೆಸ್ಟ್ರಾದಲ್ಲಿ ನುಡಿಸುವ ಗೆಳೆಯನಿಗೆ ಫೋನ್ ಹಚ್ಚಿದೆ. ‘ಪೆಡಲ್ ತುಳಿದುಕೊಂಡೇ ಆನ್ ಮಾಡಿದ್ಯಾ?’ ಎಂದ. ಹೌದು, ಗಡಿಬಿಡಿಯಲ್ಲಿ ಹಾಗೇ ಆಗಿತ್ತು.

ಪೆಡಲ್ ಎಂದರೆ ಬರೀ ಸ್ವಿಚ್. ಒತ್ತಿದಾಗ ಕೆಲವದರಲ್ಲಿ ಸರ್ಕ್ಯೂಟ್ ಕೂಡುತ್ತದೆ, ಕೆಲವದರಲ್ಲಿ ಬಿಡುತ್ತದೆ. ಅದಕ್ಕೇ ಅನೇಕ ಕೀಬೋರ್ಡುಗಳು ಆನ್ ಆಗುವಾಗ ಪೆಡಲ್ ಹೇಗಿದೆಯೋ ಅದನ್ನೇ ‘ಒತ್ತಿಲ್ಲ’ ಎಂದು ತಿಳಿಯುತ್ತವೆ.

ಆಫ್ ಮಾಡಿ, ಪಿನ್ ಪೂರ್ತಿ ಸಿಕ್ಕಿಸಿ, ಕಾಲು ದೂರವಿಟ್ಟು ಆನ್ ಮಾಡಿದೆ. ಸರಿಹೋಯಿತು! ಆಗಲೂ ಉಲ್ಟಾ ಇದ್ದರೆ, ಕೆಲವು ಪೆಡಲ್‌ಗಳಲ್ಲಿರುವ ಪೊಲಾರಿಟಿ ಸ್ವಿಚ್ ಬದಲಿಸಿ ನೋಡಬಹುದು.

ಗೆಳೆಯರೇ, ದುಡ್ಡು ತೆಗೆಯುವ ಮುನ್ನ ಒಮ್ಮೆ ಕಾಲು ತೆಗೆದು ನೋಡಿ.