ಕೆಂಚಗೂದಲಿನ ಲೆಕ್ಕ: ವಂಶದ್ದೆಷ್ಟು, ಊಟದ್ದೆಷ್ಟು?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಈ ನಾಲ್ಕು ತಾಲ್ಲೂಕುಗಳ ಜನಸಂಖ್ಯೆ ಹತ್ತು ಲಕ್ಷ ಎಂದು ಲೆಕ್ಕದ ಅನುಕೂಲಕ್ಕೆ ಹಿಡಿಯೋಣ. ಸ್ಕಾಟ್ಲೆಂಡಿನಲ್ಲಿ ಹತ್ತು ಲಕ್ಷ ಜನರನ್ನು ಎಣಿಸಿದರೆ ಕಡಿಮೆಯೆಂದರೂ 60 ಸಾವಿರ ಮಂದಿಗೆ ಹುಟ್ಟುಗೆಂಪು ಕೂದಲು ಸಿಗುತ್ತದೆ. ಅಲ್ಲಿನ ಪ್ರಮಾಣ ನೂರಕ್ಕೆ 6ರಿಂದ 13 ಎಂಬುದು ಬೇರೆ ಬೇರೆ ಅಂದಾಜು. ಇಡೀ ಜಗತ್ತಿಗೆ ಹಿಡಿದರೆ ನೂರಕ್ಕೆ 1ರಿಂದ 2. ಮಲಪ್ರಭೆಯ ದಂಡೆಯ ಈ ಹತ್ತು ಲಕ್ಷದಲ್ಲಿ ಎಷ್ಟು? ಅಂಗನವಾಡಿಗೆ ಬರುವ ಮಕ್ಕಳಲ್ಲಿ ‘ಕೂದ್ಲಾ ಕೆಂಚ ಆಗ್ಯಾವ’ ಎನಿಸಿಕೊಂಡವರು ಇದ್ದಾರೆ. ‘ಅವರ ಮುತ್ಯಾಂದೂ ಹಂಗ ಇತ್ತು’ ಎಂದು ಹೇಳಿ ಮಾತು ಮುಗಿಸುವ ಮನೆಗಳೂ ಇವೆ. ಮುತ್ಯಾನ ಕಡೆಯಿಂದ ಕೆಂಪು ಕೂದಲು ಬರುವುದಕ್ಕೆ ಒಂದು ಕಟ್ಟುನಿಟ್ಟಾದ ಗಣಿತವಿದೆ. ಮೊದಲು ಅದನ್ನು ನೋಡೋಣ.

1995ರಲ್ಲಿ ಬ್ರಿಟನ್ನಿನ ಜೊನಾಥನ್ ರೀಸ್ ಮತ್ತು ಸಂಗಡಿಗರು ಕೆಂಪು ಕೂದಲನ್ನು ಎಂಸಿ1ಆರ್ ಎಂಬ ವಂಶವಾಹಿಗೆ ಜೋಡಿಸಿದರು. ಇದಿರುವುದು 16ನೇ ವರ್ಣತಂತುವಿನಲ್ಲಿ. ಇದರಿಂದ ತಯಾರಾಗುವ ಪ್ರೋಟೀನಿನಲ್ಲಿ 317 ಅಮೈನೋ ಆಮ್ಲಗಳಿರುತ್ತವೆ. ಕೂದಲ ಬುಡದ ಜೀವಕೋಶಕ್ಕೆ ‘ಕಪ್ಪು ಬಣ್ಣ ಮಾಡು’ ಎಂಬ ಸೂಚನೆ ಮುಟ್ಟುವುದು ಈ ಪ್ರೋಟೀನಿನ ಮೂಲಕ. ಅದು ಕೆಟ್ಟರೆ ಕಪ್ಪಿನ ಬದಲು ಕೆಂಪು-ಹಳದಿ ಬಣ್ಣವೇ ಹೆಚ್ಚು ತಯಾರಾಗುತ್ತದೆ. ಆದರೆ ಸಾಮಾನ್ಯವಾಗಿ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡೂ ಪ್ರತಿಗಳು ಕೆಟ್ಟಿರಬೇಕು. ಒಂದೇ ಕೆಟ್ಟಿದ್ದರೆ ಕೂದಲು ಬಹುಪಾಲು ಕಪ್ಪು ಇಲ್ಲವೇ ಕಂದಾಗಿಯೇ ಉಳಿಯುತ್ತದೆ. 2018ರಲ್ಲಿ ಬ್ರಿಟನ್ನಿನ ಸುಮಾರು ಮೂರೂವರೆ ಲಕ್ಷ ಜನರ ಮಾಹಿತಿ ಪರಿಶೀಲಿಸಿದಾಗ, ಎಂಸಿ1ಆರ್ ಜೊತೆಗೆ ಇನ್ನೂ ಎಂಟು ವಂಶವಾಹಿಗಳ ಕೈವಾಡ ಕಂಡುಬಂತು.

ಈ ಬಣ್ಣಕ್ಕೆ ಒಂದೇ ಮೂಲಪುರುಷನಿಲ್ಲ. ಸ್ಪೇನ್ ಮತ್ತು ಇಟಲಿಯಲ್ಲಿ ಸಿಕ್ಕ ನಿಯಾಂಡರ್ತಾಲ್ ಮೂಳೆಗಳಿಂದ 2007ರಲ್ಲಿ ಎಂಸಿ1ಆರ್ ಓದಿದಾಗ ಅಲ್ಲೂ ಒಂದು ಬದಲಾವಣೆ ಸಿಕ್ಕಿತು. ಇಂದಿನ ಕೆಂಪುಗೂದಲಿನವರಲ್ಲಿ ಇರುವ ಬದಲಾವಣೆಗಳೇ ಬೇರೆ. ಅಂದರೆ ಈ ಕೆಂಪು ಒಂದಕ್ಕಿಂತ ಹೆಚ್ಚು ಸಲ ಹೊಸದಾಗಿ ಹುಟ್ಟಿದೆ.

ನಮ್ಮ ಭಾಗದಲ್ಲಿ ಕೆಂಚಗೂದಲು ಕಂಡರೆ ‘ಬ್ರಿಟಿಷರ ಕಾಲದ್ದಿರಬೇಕು’ ಎಂಬ ಊಹೆ ಯಾರಿಗಾದರೂ ಬರಬಹುದು. ಕಿತ್ತೂರಿನ ಯುದ್ಧ ನಡೆದು ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತದ್ದು 1824ರ ಅಕ್ಟೋಬರ್ 23ರಂದು. ಆಗ ಮದ್ರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋ ಗ್ಲಾಸ್ಗೋದಲ್ಲಿ ಹುಟ್ಟಿದ ಸ್ಕಾಟ್. ಆ ವರ್ಷ ಕೆಂಪುಗೂದಲಿನ ಒಬ್ಬ ಪೂರ್ವಜ ಒಂದು ಕುಟುಂಬಕ್ಕೆ ಸೇರಿದ್ದ ಎಂದು ಕಲ್ಪಿಸಿಕೊಂಡರೂ ಲೆಕ್ಕ ಹೀಗಾಗುತ್ತದೆ: 200 ವರ್ಷಕ್ಕೆ ಎಂಟು ತಲೆಮಾರು, ಪ್ರತಿ ತಲೆಮಾರಿಗೂ ಪಾಲು ಅರ್ಧ. ಇಂದಿನ ವಂಶಜನಲ್ಲಿ ಆ ಪೂರ್ವಜನ ಪಾಲು 256ರಲ್ಲಿ ಒಂದು. ಅದರ ಮೇಲೆ ಕೆಟ್ಟ ಪ್ರತಿ ತಂದೆ-ತಾಯಿ ಇಬ್ಬರ ಕಡೆಯಿಂದಲೂ ಬರಬೇಕು. ಊಹೆ ಇಲ್ಲಿಗೇ ಸೋಲುತ್ತದೆ.

ಇನ್ನು ನಮ್ಮದೇ ಸಂಬಂಧಗಳ ಗಣಿತ. ಕೆಟ್ಟ ಪ್ರತಿ ಸಾವಿರಕ್ಕೆ ಒಂದರಂತೆ ಇದೆ ಎಂದು ಇಟ್ಟುಕೊಳ್ಳಿ. ಇದು ಉದಾಹರಣೆಗೆ ತೆಗೆದುಕೊಂಡ ಅಂಕಿ. ಸಂಬಂಧವಿಲ್ಲದ ದಂಪತಿಗಳಿಗೆ ಎರಡೂ ಪ್ರತಿ ಕೆಟ್ಟ ಮಗು ಹುಟ್ಟುವ ಸಂಭವ ಸಾವಿರ ಗುಣಿಸು ಸಾವಿರಕ್ಕೆ ಒಂದು. ಹತ್ತು ಲಕ್ಷ ಮಕ್ಕಳಲ್ಲಿ ಒಂದೇ ಒಂದು. ಅತ್ತೆಯ ಮಗ, ಮಾವನ ಮಗಳು ಮದುವೆಯಾದರೆ ಅದು ಹತ್ತು ಲಕ್ಷಕ್ಕೆ 63ಕ್ಕೆ ಏರುತ್ತದೆ. ಸೋದರಮಾವ ಅಕ್ಕನ ಮಗಳನ್ನು ಮಾಡಿಕೊಂಡರೆ 126. ಒಂದೇ ಮುತ್ಯಾನ ಪ್ರತಿ ಎರಡು ದಾರಿಯಿಂದ ಬಂದು ಒಂದೇ ಮಗುವಿನಲ್ಲಿ ಕೂಡಿಕೊಳ್ಳುವುದೇ ಇದಕ್ಕೆ ಕಾರಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮದುವೆಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ರಕ್ತಸಂಬಂಧದಲ್ಲೇ ಆದವು. ಕೂದಲಿನ ಬಣ್ಣ ಬದಲಾಗುವುದರಿಂದ ದೊಡ್ಡ ಹಾನಿಯೇನಿಲ್ಲ. ಆದರೆ ಹುಟ್ಟುಗಿವುಡಿನ ಹಲವು ಬಗೆಗಳಿಗೂ ರಕ್ತದ ಹಲವು ಕಾಯಿಲೆಗಳಿಗೂ ಅನ್ವಯಿಸುವುದು ಇದೇ ಗಣಿತ. ಸಂಬಂಧ ಗೊತ್ತುಮಾಡುವ ಹಿರಿಯರ ಮುಂದೆ ಈ ಮೂರು ಅಂಕಿ ಇರಲೇಬೇಕು ಎಂದು ನನ್ನ ಗಟ್ಟಿ ಅಭಿಪ್ರಾಯ.

ವಂಶದಿಂದ ಬರುವ ಕೆಂಪಿಗೆ ಇನ್ನೊಂದು ದಾರಿಯೂ ಇದೆ. ಟಿವೈಆರ್‌ಪಿ1 ಎಂಬ ವಂಶವಾಹಿ ಕೆಟ್ಟರೆ ಕೂದಲು ಶುಂಠಿಗೆಂಪು, ಚರ್ಮ ಕೆಂಗಂದು ಆಗುತ್ತದೆ. ಇದು ತೊನ್ನಲ್ಲ, ಬಿಳಿಚುತನದ ಒಂದು ಬಗೆ. ದಕ್ಷಿಣ ಆಫ್ರಿಕಾದ ಕಪ್ಪು ಜನರಲ್ಲಿ ಸುಮಾರು 8,500ಕ್ಕೆ ಒಬ್ಬರಲ್ಲಿ ಕಾಣುತ್ತದೆ. ಭಾರತೀಯ ಮೂಲದವರಲ್ಲಿ ವರದಿಯಾದದ್ದು ಬಲು ಅಪರೂಪ. ಮೆಹಂದಿಯ ಕೆಂಪನ್ನು ಒಂದೇ ಮಾತಲ್ಲಿ ಮುಗಿಸಬಹುದು: ಎಲೆಯಲ್ಲಿ ನೂರಕ್ಕೆ ಒಂದೆರಡು ಪಾಲಿರುವ ಲಾಸೋನ್ ಎಂಬ ಬಣ್ಣದ ಅಂಶ ಕೂದಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವ ಹೊಸ ಕೂದಲು ಬುಡದಲ್ಲಿ ತನ್ನ ಬಣ್ಣವನ್ನೇ ತೋರಿಸುತ್ತದೆ.

ಹೀಗೆ ವಂಶದ ಲೆಕ್ಕ ಎಷ್ಟು ಎಳೆದರೂ ಹತ್ತು ಲಕ್ಷಕ್ಕೆ ಬೆರಳೆಣಿಕೆಯಿಂದ ಹೆಚ್ಚೆಂದರೆ ಕೆಲವು ಡಜನ್. ಊಟದ ಲೆಕ್ಕ ತೆಗೆದರೆ ಅಂಕಿ ಸಾವಿರಗಳಿಗೆ ಜಿಗಿಯುತ್ತದೆ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, 19.5 ಮಂದಿ ಎತ್ತರಕ್ಕೆ ತಕ್ಕ ತೂಕವಿಲ್ಲದವರು, 32.9 ಮಂದಿ ವಯಸ್ಸಿಗೆ ತಕ್ಕ ತೂಕವಿಲ್ಲದವರು. ಇವರೆಲ್ಲರ ಕೂದಲೂ ಕೆಂಚಾಗುವುದಿಲ್ಲ. ಬಿಸಿಲಿಗೂ ಕೂದಲು ಬಣ್ಣಗೆಡುತ್ತದೆ, ಚೆನ್ನಾಗಿ ಉಂಡ ಮಗುವಿನದೂ ಕೆಲವೊಮ್ಮೆ ಕಂದಾಗಿರುತ್ತದೆ. ಆದರೆ ಕಪ್ಪು ಬಣ್ಣ ತಯಾರಾಗುವುದೇ ಊಟದ ಪ್ರೋಟೀನಿನಿಂದ ಸಿಗುವ ಟೈರೋಸಿನ್ ಎಂಬ ಅಮೈನೋ ಆಮ್ಲದಿಂದ. ತೀವ್ರ ಅಪೌಷ್ಟಿಕತೆಯಲ್ಲಿ ಕೂದಲು ತೆಳ್ಳಗಾಗಿ, ಹೊಳಪುಗೆಟ್ಟು, ಕೆಂಚಾಗಿ, ಸುಮ್ಮನೆ ಎಳೆದರೂ ಕೈಗೆ ಬರುತ್ತದೆ. ಜಮೈಕಾ ಮೂಲದ ವೈದ್ಯೆ ಸಿಸಿಲಿ ವಿಲಿಯಮ್ಸ್ ಇಂದಿನ ಘಾನಾದಲ್ಲಿ ಕಂಡು 1933ರಲ್ಲಿ ಬರೆದ ಕ್ವಾಷಿಯೋರ್ಕರ್ ಕಾಯಿಲೆಯ ಗುರುತುಗಳಲ್ಲಿ ಇದೂ ಒಂದು.

ಅಂಥ ಮಗುವಿನ ಒಂದು ಉದ್ದ ಕೂದಲನ್ನು ಬೆಳಕಿಗೆ ಹಿಡಿದರೆ ಕಪ್ಪು, ಕೆಂಚು, ಮತ್ತೆ ಕಪ್ಪು ಪಟ್ಟೆಗಳು ಕಾಣಬಹುದು. ತಿಂಗಳಿಗೆ ಸೆಂಟಿಮೀಟರ್ ಬೆಳೆಯುವುದರಿಂದ ಎರಡು ಸೆಂಟಿಮೀಟರಿನ ಕೆಂಚು ಪಟ್ಟೆ ಎಂದರೆ ಎರಡು ತಿಂಗಳ ಅರೆಹೊಟ್ಟೆ. ಅವ್ವ-ಅಪ್ಪ ಕಬ್ಬು ಕಡಿಯಲು ಊರು ಬಿಟ್ಟ ತಿಂಗಳುಗಳನ್ನು ಇಂಥ ಪಟ್ಟೆಯ ಪಕ್ಕ ಇಟ್ಟು ನೋಡಬೇಕು. ಕೂದಲೊಂದರ ಮೇಲೆ ತೀರ್ಮಾನ ಮಾಡುವ ಹಾಗಿಲ್ಲ, ಉಳಿದ ಎರಡು ಪರೀಕ್ಷೆಗೆ ದುಡ್ಡೂ ಬೇಕಿಲ್ಲ. ಆರು ತಿಂಗಳು ದಾಟಿದ ಮಗುವಿನ ತೋಳಿಗೆ ಅಂಗನವಾಡಿಯ ಅಳತೆ ಪಟ್ಟಿ ಸುತ್ತಬೇಕು: 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ, 12.5ರೊಳಗೆ ಬಂದರೆ ಎಚ್ಚರಿಕೆ. ಎರಡೂ ಪಾದದ ಮೇಲೆ ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಡಬೇಕು. ಕುಳಿ ಹಾಗೇ ಉಳಿದರೆ ತೋಳಿನ ಅಳತೆ ಎಷ್ಟೇ ಇರಲಿ, ಆ ದಿನವೇ ಆಸ್ಪತ್ರೆಗೆ ಒಯ್ಯಬೇಕು. ಬಾವಿನಿಂದ ಮೈ ದುಂಡಗೆ ಕಾಣುವ ಮಗುವೇ ಹೆಚ್ಚು ಅಪಾಯದಲ್ಲಿರುವುದು.

ಇನ್ನು ತಟ್ಟೆಯ ಲೆಕ್ಕ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು ಇದೆ, ಆದರೆ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಬರೀ ರೊಟ್ಟಿ, ಚಟ್ನಿಯಿಂದ ಆ ಕೊರತೆ ತುಂಬುವುದಿಲ್ಲ. ಹೆಸರುಬೇಳೆಯಲ್ಲಿ ನೂರು ಗ್ರಾಮಿಗೆ 24 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ. ಕೇಂದ್ರ ಸರ್ಕಾರ 2017ರಲ್ಲಿ ಗೊತ್ತುಮಾಡಿದ ದರದಂತೆ ಅಂಗನವಾಡಿಯ ಮಗುವಿನ ಪೂರಕ ಆಹಾರಕ್ಕೆ ದಿನಕ್ಕೆ 8 ರೂಪಾಯಿ, ಅದರಲ್ಲಿ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನು ಸಿಗಬೇಕು. ತೀವ್ರ ಅಪೌಷ್ಟಿಕ ಮಗುವಿಗೆ 12 ರೂಪಾಯಿ, 800 ಕ್ಯಾಲೊರಿ, 20ರಿಂದ 25 ಗ್ರಾಂ. ಎರಡರ ನಡುವಿನ ಅಂತರ ದಿನಕ್ಕೆ 4 ರೂಪಾಯಿ, ಆಹಾರ ಕೊಡಬೇಕಾದ ವರ್ಷದ 300 ದಿನಕ್ಕೆ 1,200. ನಮ್ಮದೇ ರಾಜ್ಯದ ಶಾಲೆಗಳಲ್ಲಿ ಒಂದು ಮೊಟ್ಟೆಗೆ 6 ರೂಪಾಯಿ ಲೆಕ್ಕ ಹಿಡಿದಿದ್ದಾರೆ. ಅದನ್ನೇ ಅಂಗನವಾಡಿಗೆ ಹಿಡಿದರೆ 8 ರೂಪಾಯಿಯಲ್ಲಿ ಮೊಟ್ಟೆ ಕಳೆದು ಉಳಿಯುವುದು 2 ರೂಪಾಯಿ. ಅಕ್ಕಿ, ಬೇಳೆ, ಎಣ್ಣೆ, ಬೆಲ್ಲ ಎಲ್ಲವೂ ಆ ಎರಡರಲ್ಲೇ ಬರಬೇಕು. ಈ ದರ ಏರಲೇಬೇಕು, ಅದೂ ಕಬ್ಬಿನ ಹಂಗಾಮಿಗೆ ಮೊದಲು.